ಪೂರ್ತಿ ದಂಡ ಕಟ್ಟಿದವನಿಗೇ ನಷ್ಟ: ಈ ಅರ್ಧ ರಿಯಾಯಿತಿ ಇನ್ನೆಷ್ಟು ಸಲ?

ಜಯನಗರದ_ಕಾರು
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಬರೆಯುತ್ತಿದ್ದೇನೆ.

2025ರ ಜುಲೈನಲ್ಲಿ ಕಾರಿನ ನಂಬರ್ ಹಾಕಿ ನೋಡಿದಾಗ ಮೂರು ಟ್ರಾಫಿಕ್ ಕೇಸ್ ಇದ್ದವು. ಒಂದು ಸಿಗ್ನಲ್ ಜಂಪ್, ಎರಡು ನೋ ಪಾರ್ಕಿಂಗ್. ಫೋಟೋ ಸ್ಪಷ್ಟವಾಗಿತ್ತು, ತಪ್ಪು ನನ್ನದೇ. ಅವತ್ತೇ ರಾತ್ರಿ 2,500 ರೂಪಾಯಿ ಕಟ್ಟಿದೆ. ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಅರ್ಧ ಕಟ್ಟಿದರೆ ಸಾಕು ಅಂತ ಸರ್ಕಾರದ ಆದೇಶ ಬಂತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು 19 ಕೇಸ್ ಬಾಕಿ ಇಟ್ಟುಕೊಂಡಿದ್ದರು. ಎಲ್ಲವನ್ನೂ ಅರ್ಧ ದುಡ್ಡಿಗೆ ಮುಗಿಸಿ ಬಂದವರು ಲಿಫ್ಟಿನಲ್ಲಿ ನನ್ನ ಮುಖ ನೋಡಿ, "ನಿಮ್ಗೆ ಅವಸರ ಜಾಸ್ತಿ ಸಾರ್, ಒಂದು ತಿಂಗಳು ಕಾಯ್ಬಾರ್ದಿತ್ತಾ" ಅಂದರು.

ನನಗೆ ಹೋದ ದುಡ್ಡಿನ ಚಿಂತೆ ಇಲ್ಲ. ಜೊತೆಗೆ ನನ್ನ ಹದಿನಾರು ವರ್ಷದ ಮಗ ನಿಂತಿದ್ದ. ಮನೆಗೆ ಬಂದ ಮೇಲೆ "ಅಪ್ಪಾ, ಅವರು ಹೇಳಿದ್ದು ಸರಿ ತಾನೆ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ದಂಡ ಹಾಕುವುದಕ್ಕೆ ಕ್ಯಾಮೆರಾ ಇದೆ, ಆ್ಯಪ್ ಇದೆ, ವಸೂಲಿ ಮಾಡುವುದಕ್ಕೆ ಮಾತ್ರ ಏನೂ ಇಲ್ಲವೇ? ಇನ್ಶೂರೆನ್ಸಿಗೆ ಜೋಡಿಸಬೇಕಾ, ಆರ್‌ಸಿಗೆ ಜೋಡಿಸಬೇಕಾ, ಗಾಡಿ ಜಪ್ತಿ ಮಾಡಬೇಕಾ? ಕಾನೂನು ಗೊತ್ತಿರುವವರು ಹೇಳಿ.

ಬನಶಂಕರಿ_ಬಸ್ಸು
ಮುಂದಿನ ರಿಯಾಯಿತಿ ಯಾವಾಗ ಅಂತ ಕಾಯ್ತಾ ಕೂತಿರೋರು ನಮ್ಮ ಆಫೀಸಲ್ಲೇ ಹತ್ತು ಜನ ಇದ್ದಾರೆ.

ಪುಟ್ಟೇನಹಳ್ಳಿ
ಮೊದಲನೇ ಸಲ ಅಲ್ಲ ಸಾರ್ ಇದು. 2023ರ ಫೆಬ್ರವರಿ ನೆನಪಿದೆಯಾ? 11ನೇ ತಾರೀಕು ಕೊನೇ ದಿನ ಅಂತ ಇನ್‌ಫೆಂಟ್ರಿ ರಸ್ತೆಯ ಟ್ರಾಫಿಕ್ ಕೇಂದ್ರದ ಮುಂದೆ ಕ್ಯೂ ಫುಟ್‌ಪಾತ್ ದಾಟಿ ರಸ್ತೆಗೆ ಬಂದಿತ್ತು. ಸರ್ವರ್ ಕೂತುಬಿಟ್ಟಿತ್ತು. ಅಷ್ಟು ದಿನಕ್ಕೇ 120 ಕೋಟಿ ದಾಟಿತು. ಅದಾದ ಮೇಲೆ ಮಾರ್ಚಲ್ಲಿ ಮತ್ತೆ ಅವಕಾಶ ಕೊಟ್ಟರು. ಆಗ ಕ್ಯೂನಲ್ಲಿ ನಾಲ್ಕು ಗಂಟೆ ನಿಂತು ಕಟ್ಟಿದವರು ಏನಂದುಕೊಂಡಿರಬೇಕು ಹೇಳಿ.

ಕೃಷ್ಣಾ_ತುಂಗಭದ್ರಾ
ನಮ್ ರಾಯಚೂರಿನ ಬಾಜೂಕೆ ತೆಲಂಗಾಣ ಅದ. ಅಲ್ಲಿ 2022ರಾಗ ಟೂ ವೀಲರ್‌ಗೆ 75% ಮಾಫಿ ಮಾಡಿದ್ರು. ಮತ್ತ 2023ರ ಡಿಸೆಂಬರ್‌ದಾಗ 80%. ಅಂದ್ರ ಮೊದಲನೇ ಸಲ ಕಟ್ಟದೇ ಕುಂತವಗ ಎರಡನೇ ಸಲ ಇನ್ನೂ ಲಾಭ. ಹೈದರಾಬಾದಿನಾಗ ನಮ್ ಮಾಮಾ ಇರ್ತಾನ್ರಿ, ಅಂವ ಚಲನ್ ಬಂದ್ರ ನೋಡೂದೇ ಇಲ್ಲ. "ಚುನಾವಣೆ ಬರ್ಲಿ" ಅಂತಾನ.

ಉತ್ತರದ_ದಾರಿ
ಉತ್ತರ ಪ್ರದೇಶದಲ್ಲಿ ಇನ್ನೂ ಮುಂದಕ್ಕೆ ಹೋಗಿದ್ದಾರೆ. 2017ರಿಂದ 2021ರವರೆಗಿನ ಚಲನ್‌ಗಳನ್ನು 2023ರಲ್ಲಿ ಸರ್ಕಾರವೇ ಪೂರ್ತಿ ವಜಾ ಮಾಡಿತು. ನಾನಾಗ ನೊಯ್ಡಾದಲ್ಲಿ ಕೆಲಸದಲ್ಲಿದ್ದೆ. ಕಟ್ಟಿದವರಿಗೆ ವಾಪಸ್ ಏನೂ ಬರಲಿಲ್ಲ.

ವಕೀಲ_ತುಮಕೂರು
ಮೂಲ ತೊಂದರೆ ಎಲ್ಲಿದೆ ಅಂತ ಹೇಳುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

ನಿಮ್ಮ ಫೋನಿಗೆ ಬರುವ ಚಲನ್ ಶಿಕ್ಷೆ ಅಲ್ಲ. ಅದು ಆರೋಪ. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ನೀವು ಕಟ್ಟುವ ದುಡ್ಡು ರಾಜಿಯ ದುಡ್ಡು. "ತಪ್ಪಾಯಿತು, ಕೋರ್ಟ್ ಬೇಡ, ಇಲ್ಲೇ ಮುಗಿಸೋಣ" ಅಂತ ನೀವು ಒಪ್ಪಿದ ಹಾಗೆ. ಒಪ್ಪದಿದ್ದರೆ ಪೊಲೀಸರು ಮ್ಯಾಜಿಸ್ಟ್ರೇಟ್ ಮುಂದೆ ಕೇಸ್ ಹಾಕಬೇಕು, ಸಮನ್ಸ್ ಹೋಗಬೇಕು. ದಂಡವನ್ನು ಕೋರ್ಟ್ ವಿಧಿಸಿದರೆ ಅದನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡುವ ದಾರಿ ಇದೆ. ಕೋರ್ಟಿಗೇ ಹೋಗದ ಚಲನ್‌ಗೆ ಆ ಬಲ ಇಲ್ಲ.

ಈಗ ಕಂಡಿ ನೋಡಿ. ಬರೀ ದಂಡ ಮಾತ್ರ ಇರುವ ಅಪರಾಧಕ್ಕೆ ಕೋರ್ಟ್ ಆರು ತಿಂಗಳೊಳಗೆ ಕೇಸ್ ಕೈಗೆತ್ತಿಕೊಳ್ಳಬೇಕು. ಕ್ರಿಮಿನಲ್ ಕೇಸ್ ನಡೆಸುವ ಹಳೇ ಕಾನೂನು ಸಿಆರ್‌ಪಿಸಿಯಲ್ಲಿ 468ನೇ ಸೆಕ್ಷನ್, ಅದರ ಬದಲು ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 514. ಒಂದು ವರ್ಷದವರೆಗೆ ಜೈಲು ಇರುವ ಅಪರಾಧಕ್ಕೆ ಒಂದು ವರ್ಷ. ಲಕ್ಷಗಟ್ಟಲೆ ಚಲನ್ ಬರೆದು ಒಂದನ್ನೂ ಕೋರ್ಟಿಗೆ ಕಳಿಸದೆ ಮೂರು ವರ್ಷ ಇಟ್ಟುಕೊಂಡರೆ ಆಮೇಲೆ ಅದು ಕಂಪ್ಯೂಟರಿನಲ್ಲಿರುವ ಒಂದು ಸಾಲು. ಗೊತ್ತಿದ್ದವರು ಕಟ್ಟುವುದಿಲ್ಲ. ಗೊತ್ತಿಲ್ಲದವರು, ಹೆದರುವವರು, ಜಯನಗರದ ಸಾರ್ ಥರ ಮರ್ಯಾದಸ್ಥರು ಕಟ್ಟುತ್ತಾರೆ. ಹಳೇ ಬಾಕಿ ಹೇಗೂ ಬರುವುದಿಲ್ಲ, ಅರ್ಧವಾದರೂ ಬರಲಿ ಅನ್ನುವ ಲೆಕ್ಕದಲ್ಲೇ ರಿಯಾಯಿತಿ ಹುಟ್ಟುವುದು.

ಜಯನಗರದ_ಕಾರು
@ವಕೀಲ_ತುಮಕೂರು ಸಾರ್, ಹಾಗಾದರೆ ಆರು ತಿಂಗಳು ಸುಮ್ಮನೆ ಕೂತರೆ ಮುಗಿಯಿತೇ?

ವಕೀಲ_ತುಮಕೂರು
ಅಷ್ಟು ಸಲೀಸಲ್ಲ, ದಯವಿಟ್ಟು ಯಾರೂ ಇದನ್ನು ಉಪಾಯ ಅಂತ ತೆಗೆದುಕೊಳ್ಳಬೇಡಿ. ತಪ್ಪು ಮಾಡಿದವರು ಯಾರು ಅಂತ ಗೊತ್ತಿಲ್ಲದಿದ್ದರೆ, ಗೊತ್ತಾದ ದಿನದಿಂದ ಅವಧಿ ಲೆಕ್ಕ. ಕ್ಯಾಮೆರಾಕ್ಕೆ ನಂಬರ್ ಕಾಣುತ್ತದೆ, ಓಡಿಸಿದವರು ಕಾಣುವುದಿಲ್ಲ. ಸರ್ಕಾರದ ಪರ ವಕೀಲರು ಅದನ್ನು ಹಿಡಿಯಬಹುದು. ವಿಳಂಬವನ್ನು ಮನ್ನಿಸುವ ಅಧಿಕಾರವೂ ಕೋರ್ಟಿಗಿದೆ. ಇನ್ನು ಸಿಗ್ನಲ್ ಜಂಪ್ 2019ರ ತಿದ್ದುಪಡಿ ಆದ ಮೇಲೆ 184ನೇ ಸೆಕ್ಷನ್ನಿನ ಅಪಾಯಕಾರಿ ಚಾಲನೆಯ ವಿವರಣೆಯಲ್ಲೇ ಬರುತ್ತದೆ, ಜೈಲೂ ಇದೆ. ಅದಕ್ಕೆ ಆರು ತಿಂಗಳ ಲೆಕ್ಕ ಬರುವುದಿಲ್ಲ.

ಜಪ್ತಿ ಬಗ್ಗೆ ಕೇಳಿದಿರಿ. ಲೈಸೆನ್ಸ್ ಇಲ್ಲದೆ, ವಯಸ್ಸಾಗದೆ, ನೋಂದಣಿ ಇಲ್ಲದೆ, ಪರ್ಮಿಟ್ ಇಲ್ಲದೆ ಓಡಿಸಿದರೆ ಗಾಡಿ ಹಿಡಿದಿಟ್ಟುಕೊಳ್ಳಲು 207ನೇ ಸೆಕ್ಷನ್ ಇದೆ. ದಂಡ ಬಾಕಿ ಇದೆ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ.

ಮೆಜೆಸ್ಟಿಕ್_ಮಂಜ
ಪಟ್ಟಿಲಿ ಇಲ್ಲ ಅಂದ್ರೂ ಹಿಡೀತಾರೆ ಸಾರ್. ಹೋದ ವರ್ಷ ಬೆಂಗ್ಳೂರಲ್ಲಿ ಒಂದು ಸ್ಕೂಟರಿಗೆ 311 ಕೇಸು, 1.61 ಲಕ್ಷ ದಂಡ ಅಂತ ಟೀವೀಲೆಲ್ಲಾ ಬಂತಲ್ಲ, ಹಿಡಿದು ನಿಲ್ಸಿದ್ರು.

ಬನಶಂಕರಿ_ಬಸ್ಸು
ಅದು 2025ರ ಫೆಬ್ರವರಿ. ಯಾರೋ ಫೋಟೋ ಹಾಕಿ "ಇದನ್ನ ಯಾಕೆ ಹಿಡಿಯಲ್ಲ" ಅಂತ ಕೇಳಿದ ಮೇಲೆ ಹಿಡಿದದ್ದು. ನನ್ನ ಪ್ರಶ್ನೆ ಬೇರೆ. ಹತ್ತನೇ ಕೇಸಿಗೆ ಯಾಕೆ ಯಾರೂ ಕೇಳಲಿಲ್ಲ? ನೂರನೇದಕ್ಕೆ? ಗಾಡಿ ಮಾರಿದರೂ ಆ ದುಡ್ಡು ಹುಟ್ಟಲ್ಲ ಅನ್ನೋವರೆಗೂ ಬಿಟ್ಟರೆ ಅವನು ಗಾಡಿ ಅಲ್ಲೇ ಬಿಟ್ಟು ಹೋಗ್ತಾನೆ.

ಹಳದಿ_ಬೋರ್ಡು
ನಾನು ಕ್ಯಾಬ್ ಓಡ್ಸೋದು, 11 ವರ್ಷ ಆಯ್ತು. ನೀವೆಲ್ಲಾ ದಂಡ ವಸೂಲಿ ಆಗಲ್ಲ ಅಂತೀರ. ನಮ್ ಹತ್ರ ಎಲ್ಲಾ ವಸೂಲಾಗುತ್ತೆ ಸಾರ್. ನಮ್ದು ಹಳದಿ ಬೋರ್ಡು. ಎಫ್‌ಸಿಗೆ, ಅಂದ್ರೆ ಗಾಡಿ ಓಡೋ ಸ್ಥಿತೀಲಿದೆ ಅನ್ನೋ ಸರ್ಟಿಫಿಕೇಟಿಗೆ ಹೋಗ್ಬೇಕು, ಗಾಡಿ ಎಂಟು ವರ್ಷ ದಾಟಿದ್ರೆ ವರ್ಷ ವರ್ಷ ಹೋಗ್ಬೇಕು. ಹೋದ ಸಲ ಹೋದಾಗ ಬಾಕಿ ತೋರ್ಸಿ "ಕಟ್ಟಿ ಬಾ" ಅಂದ್ರು. ಏಳು ಕೇಸು, ನಾಕು ನೋ ಪಾರ್ಕಿಂಗ್. ಅದೂ ಎಲ್ಲಿ? ಕಸ್ಟಮರ್ "ಗೇಟ್ ಹತ್ರಾನೇ ನಿಲ್ಸಿ, ಬರ್ತಾ ಇದೀನಿ" ಅಂತ ಫೋನಲ್ಲಿ ಇದ್ದಾಗ. ಅವತ್ತು ಕೈಲಿ ಇರ್ಲಿಲ್ಲ, ಹೆಂಡ್ತಿ ಚೀಟಿ ದುಡ್ಡು ತಂದು ಕಟ್ದೆ.

ಬಿಳಿ ಬೋರ್ಡಿನೋರು 15 ವರ್ಷಕ್ಕೆ ಒಂದೇ ಸಲ ಟ್ಯಾಕ್ಸ್ ಕಟ್ಟಿ, 15 ವರ್ಷ ಆರ್‌ಟಿಒ ಬಾಗ್ಲು ತುಳಿಯಲ್ಲ. ಅವರನ್ನ ಕೇಳೋರು ಯಾರು? ಕಾನೂನು ಒಂದೇ ಅಂತ ಹೇಳ್ಬೇಡಿ.

ಜಯನಗರದ_ಕಾರು
@ಹಳದಿ_ಬೋರ್ಡು ಈ ವ್ಯತ್ಯಾಸ ನನಗೆ ಹೊಳೆದೇ ಇರಲಿಲ್ಲ ಅಣ್ಣ. ನೀವು ಹೇಳಿದ್ದು ಸತ್ಯ.

ಆರ್_ಆರ್_ನಗರ
ಹಾಗಿದ್ದರೆ ಬಿಳಿ ಬೋರ್ಡಿನವರಿಗೆ ಇನ್ಶೂರೆನ್ಸ್ ಹಿಡಿಯಬೇಕು. ಹೊಸ ಗಾಡಿ ಬಿಟ್ಟರೆ ಅದು ವರ್ಷಕ್ಕೊಮ್ಮೆ ಮಾಡಿಸಲೇಬೇಕು. ಹಳೇ ದಂಡ ಕಟ್ಟದಿದ್ದರೆ ರಿನ್ಯೂ ಇಲ್ಲ ಅಂದರೆ ಮುಗಿಯಿತು. ಒಂದೇ ವರ್ಷದಲ್ಲಿ ಎಲ್ಲಾ ಬಾಕಿ ವಸೂಲು.

ದುಬೈ_ದಾವಣಗೆರೆ
ಇಲ್ಲಿ ಹಾಗೇ ಇದೆ, ಆದರೆ ನೋಂದಣಿಗೆ ಜೋಡಿಸಿದ್ದಾರೆ. ಗಾಡಿಯ ನೋಂದಣಿ ಪ್ರತಿ ವರ್ಷ ನವೀಕರಿಸಬೇಕು, ದಂಡ ಬಾಕಿ ಇದ್ದರೆ ಆಗುವುದಿಲ್ಲ. ಮೇಲಿಂದ ಕಪ್ಪು ಅಂಕ ಬೇರೆ, 24 ಆದರೆ ಲೈಸೆನ್ಸ್ ಹೋಯಿತು. ನಾನು ಊರಲ್ಲಿ ಹೇಗೆ ಓಡಿಸುತ್ತಿದ್ದೆ ಅಂತ ನನಗೇ ಗೊತ್ತು, ಇಲ್ಲಿ ಬಂದ ಮೇಲೆ ಗೆರೆ ದಾಟಿಲ್ಲ. ದಂಡ ಜಾಸ್ತಿ ಅಂತ ಅಲ್ಲ. ತಪ್ಪಿಸಿಕೊಳ್ಳಲು ಆಗಲ್ಲ ಅನ್ನೋದು ಗೊತ್ತು.

ಪೆಟ್ರೋಲ್_ನೀರು
ಇಷ್ಟೆಲ್ಲಾ ಯಾಕೆ, ಬಂಕಲ್ಲೇ ನಿಲ್ಸಿ. ಬಾಕಿ ಇದ್ರೆ ಪೆಟ್ರೋಲ್ ಇಲ್ಲ.

ಸಕಲೇಶಪುರ_ಘಾಟಿ
ರಾತ್ರಿ ಎರಡು ಗಂಟೆಗೆ ಎದೆನೋವು ಅಂತ ಅಪ್ಪನ್ನ ಹಾಸನಕ್ಕೆ ಕರ್ಕೊಂಡು ಹೋಗೋನಿಗೂ ಇಲ್ವಾ? ಸ್ವಲ್ಪ ಯೋಚನೆ ಮಾಡಿ ಬರೀರಿ.

ತಂಗಿ_ನೆನಪು
ಇನ್ಶೂರೆನ್ಸಿಗೆ ಜೋಡಿಸಿ ಅಂತ ಬರೆದವರಿಗೆ ಒಂದು ಮಾತು. ನಾನು ಈ ಥರದ ಚರ್ಚೆಗಳಲ್ಲಿ ಬರೆಯುವವಳಲ್ಲ, ಇವತ್ತು ಬರೆಯುತ್ತಿದ್ದೇನೆ.

2021ರ ಡಿಸೆಂಬರ್, ರಾತ್ರಿ ಹತ್ತೂವರೆ. ನನ್ನ ಅಣ್ಣ ಎರಡನೇ ಶಿಫ್ಟ್ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ. ಹೆಲ್ಮೆಟ್ ಇತ್ತು, ನಿಧಾನವಾಗೇ ಬರುತ್ತಿದ್ದ. ಫ್ಲೈಓವರ್ ಇಳಿಯುವ ಕಡೆ ಒನ್‌ವೇಯಲ್ಲಿ ಎದುರಿನಿಂದ ಗೂಡ್ಸ್ ಆಟೊ ಬಂತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆಗಿಹೋಗಿತ್ತು. ಅವನ ಬ್ಯಾಗ್ ನಮ್ಮ ಕೈಗೆ ಕೊಟ್ಟರು. ಅಮ್ಮ ಕಟ್ಟಿಕೊಟ್ಟಿದ್ದ ಸ್ಟೀಲ್ ಡಬ್ಬಿ ಎಷ್ಟು ಜಜ್ಜಿಹೋಗಿತ್ತು ಅಂದರೆ ಮುಚ್ಚಳ ಬರಲೇ ಇಲ್ಲ. ಇವತ್ತಿಗೂ ಹಾಗೇ ಇದೆ.

ಕೇಸ್ ನಡೆಯುವಾಗ ವಕೀಲರು ಆ ಆಟೊ ನಂಬರ್ ಹಾಕಿ ನೋಡಿದರು. ಮುಂಚೆಯೇ ಆರು ಒನ್‌ವೇ ಕೇಸ್ ಇದ್ದವು. ಆರೂ ಬಾಕಿ. ಒಂದಕ್ಕಾದರೂ ಅವನನ್ನು ಕರೆದು ನಿಲ್ಲಿಸಿದ್ದರೆ ಅಂತ ಅಮ್ಮ ಈಗಲೂ ಹೇಳುತ್ತಾರೆ. ಆ ಗಾಡಿಗೆ ಇನ್ಶೂರೆನ್ಸ್ ಮುಗಿದು ಎಂಟು ತಿಂಗಳಾಗಿತ್ತು. ನ್ಯಾಯಮಂಡಳಿ ಪರಿಹಾರ ಕೊಡಿ ಅಂತ ಆದೇಶ ಮಾಡಿದೆ. ಕೊಡಬೇಕಾದವನ ಹತ್ತಿರ ಏನೂ ಇಲ್ಲ. ಅತ್ತಿಗೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಾರೆ.

ದಂಡ ಬಾಕಿ ಇದ್ದವನಿಗೆ ಇನ್ಶೂರೆನ್ಸ್ ಕೊಡಬೇಡಿ ಅಂದರೆ ಅವನು ದಂಡ ಕಟ್ಟಿಬಿಡುತ್ತಾನೆ ಅಂತ ನಿಮಗೆ ಅನ್ನಿಸುತ್ತದೆ. ಅವನು ಇನ್ಶೂರೆನ್ಸ್ ಇಲ್ಲದೆ ಓಡಿಸುತ್ತಾನೆ. ಗುದ್ದಿಸಿಕೊಂಡವರ ಮನೆಯವರು ನಮ್ಮ ಹಾಗೆ ಆಗುತ್ತಾರೆ.

ಆರ್_ಆರ್_ನಗರ
ಅಕ್ಕ, ಕ್ಷಮಿಸಿ. ಆ ದೃಷ್ಟಿಯಿಂದ ನಾನು ನೋಡಿರಲಿಲ್ಲ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ವಕೀಲ_ತುಮಕೂರು
ತಂಗಿ ಬರೆದದ್ದು ಸುಪ್ರೀಂ ಕೋರ್ಟಿನವರೆಗೆ ಹೋದ ವಿಷಯ. 2017ರ ಆಗಸ್ಟಿನಲ್ಲಿ, ಹೊಗೆ ತಪಾಸಣೆ ಪ್ರಮಾಣಪತ್ರ ಇಲ್ಲದಿದ್ದರೆ ಇನ್ಶೂರೆನ್ಸ್ ನವೀಕರಿಸಬಾರದು ಅಂತ ಸುಪ್ರೀಂ ಕೋರ್ಟ್ ಆದೇಶ ಮಾಡಿತ್ತು. ಉದ್ದೇಶ ಒಳ್ಳೆಯದೇ. ಆದರೆ ಇನ್ಶೂರೆನ್ಸ್ ಇಲ್ಲದ ಗಾಡಿಗಳು ರಸ್ತೆಯಲ್ಲಿ ಉಳಿದು ಅಪಘಾತವಾದವರಿಗೆ ಪರಿಹಾರ ಸಿಗದ ಸ್ಥಿತಿ ಬರುತ್ತದೆ ಅಂತ ವಾದ ಬಂದು, 2024ರ ಜುಲೈನಲ್ಲಿ ಅದೇ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು. ಮೂರನೇ ವ್ಯಕ್ತಿಯ ವಿಮೆ ಇರುವುದು ಗಾಡಿ ಮಾಲೀಕನಿಗಾಗಿ ಅಲ್ಲ, ರಸ್ತೆಯಲ್ಲಿರುವ ಬೇರೆಯವರಿಗಾಗಿ. ಅದಕ್ಕೆ ಬೇರೆ ಯಾವ ಬಾಕಿಯನ್ನೂ ತಗಲಿಹಾಕಬಾರದು.

ಕಡಲ_ಬದಿ
ಅಯ್ಯೋ, ಓದಿ ಬೇಜಾರಾಯ್ತು ಅಕ್ಕ.

ನಮ್ಮ ಮಂಗಳೂರು ಕಡೆಯೂ ಒನ್‌ವೇ ಅಂದ್ರೆ ಯಾರಿಗೂ ಲೆಕ್ಕ ಇಲ್ಲ ಮಾರಾಯ್ರೆ. ಹೈವೇಯಲ್ಲಿ ಯೂ ಟರ್ನ್ ಒಂದು ಕಿಲೋಮೀಟರ್ ದೂರ ಇಟ್ಟಿದ್ದಾರೆ ಅಂತ ಎಲ್ಲ ಉಲ್ಟಾ ಬರ್ತಾರೆ. ಹಾಗೆ ಬರುವವರು 500 ರೂಪಾಯಿಗೆ ಹೆದರುವುದಿಲ್ಲ. ಲೈಸೆನ್ಸ್ ಮೂರು ತಿಂಗಳು ಕಿತ್ತುಕೊಳ್ಳಲಿ, ಆಗ ನೋಡುವ.

ಮಲಪ್ರಭಾ_ದಂಡಿ
ಎಲ್ಲಾರೂ ಕಟ್ಟದವರ ಬಗ್ಗೇನ ಮಾತಾಡಾಕತ್ತೀರಿ. ತಪ್ಪು ಚಲನ್ ಬಂದವ ಏನ್ ಮಾಡಬೇಕ್ರಿ?

ನನಗೊಂದು ನೋಟಿಸ್ ಬಂತು, ಹೆಲ್ಮೆಟ್ ಇಲ್ಲ ಅಂತ. ತಗದು ನೋಡಿದ್ರ ಫೋಟೋದಾಗ ಕೆಂಪು ಬೈಕು. ನಂದು ಬಿಳಿ ಆಕ್ಟಿವಾ. ನಂಬರ್ ಹಿಗ್ಗಿಸಿ ನೋಡಿದೆ. ಅವನ ಪ್ಲೇಟಿನ ಕಡೀ ಅಂಕಿ 8. ಅದರ ಎಡಗಡಿ ಅರ್ಧ ಕೆಸರು ಒಣಗಿ ಮುಚ್ಚಿತ್ತು, ಕ್ಯಾಮೆರಾಕ್ಕ 3 ಅಂತ ಕಂಡೈತಿ. ನಂದು 3.

ಸ್ಟೇಷನ್ನಿಗೆ ಹೋದೆ, "ಇದು ನಮ್ಮ ಕೈಯಾಗಿಲ್ಲ, ಮೇಲ್ ಹಾಕ್ರಿ" ಅಂದ್ರು. ಹಾಕಿದೆ, ಉತ್ತರ ಇಲ್ಲ. ಎರಡನೇ ಸಲ ಹೋದೆ, ಸಾಹೇಬ್ರಿಲ್ಲ. ಮೂರನೇ ಸಲ ಹೋಗೂದಂದ್ರ ನನಗ ಅರ್ಧಾ ದಿನದ ಪಗಾರ ಹೋಗ್ತೈತಿ. ಕಡೀಕ 500 ಕಟ್ಟಿ ಬಿಟ್ಟೆ. ಮಾಡದ ತಪ್ಪಿಗೆ ತಪ್ಪಾತು ಅಂತ ಒಪ್ಪಿಕೊಂಡಂಗಾತು. ಅದು ಇನ್ನೂ ಮನಸ್ಸಿನಾಗ ಕೊರೀತೈತಿ. ಕೆಂಪು ಬೈಕಿನವಂಗ ಸುದ್ದೀನ ಗೊತ್ತಿಲ್ಲ.

ನೀವು ಹೇಳಿದಂಗ ಆರ್‌ಸಿಗೆ, ಲೈಸೆನ್ಸಿಗೆ ಜೋಡಿಸಿದ್ರ ನನ್ನಂಥವರ ಗತಿ ಏನು? ಮೊದಲ ತಕರಾರು ಕೇಳೂ ಬಾಗಲಾ ತಗೀರಿ, ಆಮ್ಯಾಲೆ ವಸೂಲಿ ಮಾತು.

ಬನಶಂಕರಿ_ಬಸ್ಸು
@ಮಲಪ್ರಭಾ_ದಂಡಿ ಅಣ್ಣಾ, ಕಟ್ಟಬಾರದಿತ್ತು. ಕಟ್ಟಿದರೆ ಒಪ್ಪಿಕೊಂಡ ಹಾಗೇ.

ಮಲಪ್ರಭಾ_ದಂಡಿ
ಹೇಳೂದು ಸರಳ ಐತ್ರಿ. ಮೂರು ಸಲ ಅಡ್ಡಾಡಿ ನೋಡ್ರಿ, ಆಮ್ಯಾಲೆ ಹೇಳ್ರಿ.

ಖಾಕಿ_ನಿವೃತ್ತ
ನಾನು ಸಂಚಾರ ಪೊಲೀಸಿನಲ್ಲಿ 24 ವರ್ಷ ಇದ್ದು ನಿವೃತ್ತನಾದವನು. ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ.

ಮೊದಲು ರಸೀದಿ ಪುಸ್ತಕ, ಆಮೇಲೆ ಬ್ಲ್ಯಾಕ್‌ಬೆರಿ, ಸೊಂಟಕ್ಕೊಂದು ಪುಟ್ಟ ಪ್ರಿಂಟರ್. ಗಾಡಿ ನಿಲ್ಲಿಸದೆ ನಂಬರ್ ಮಾತ್ರ ಬರೆದುಕೊಂಡ ಕೇಸ್‌ಗಳಿಗೆ ನೋಟಿಸ್ ಅಂಚೆಯಲ್ಲಿ ಹೋಗುತ್ತಿತ್ತು. ಕಟ್ಟು ಕಟ್ಟು ವಾಪಸ್ ಬರುತ್ತಿದ್ದವು. "ಮನೆ ಖಾಲಿ ಮಾಡಿದ್ದಾರೆ", "ಈ ವಿಳಾಸದಲ್ಲಿ ಇಲ್ಲ" ಅಂತ ಪೋಸ್ಟ್‌ಮ್ಯಾನ್ ಷರಾ. ಬಾಡಿಗೆ ಮನೆ ಬದಲಿಸಿದವರು ಆರ್‌ಸಿಯಲ್ಲಿ ವಿಳಾಸ ಬದಲಿಸುವುದಿಲ್ಲ. ಗಾಡಿ ಮಾರಿದವರು ಹೆಸರು ಬದಲಾಯಿತಾ ಅಂತ ನೋಡುವುದಿಲ್ಲ. ಈಗ ಎಸ್‌ಎಂಎಸ್ ಬಂದಿದೆ ಅಂತೀರಿ, ಹತ್ತು ವರ್ಷದ ಹಿಂದೆ ಶೋರೂಮಿನವರು ತಮ್ಮದೇ ಫೋನ್ ನಂಬರ್ ಹಾಕಿದ ಗಾಡಿಗಳು ಎಷ್ಟಿವೆ ಗೊತ್ತೇ?

ಇನ್ನೊಂದು ವಿಷಯ. ಸಂಜೆ ಹೊತ್ತು ಯಾವುದಾದರೂ ದೊಡ್ಡ ಸಿಗ್ನಲ್ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಹಿಂದೆ ಕೂತವರು ಕೈ ಹಿಂದಕ್ಕೆ ಚಾಚಿ ಪ್ಲೇಟ್ ಮುಚ್ಚುತ್ತಾರೆ. ಒಬ್ಬಳು ಹುಡುಗಿ ದುಪಟ್ಟಾ ಇಳಿಬಿಟ್ಟು ಮುಚ್ಚಿದ್ದನ್ನು ನಾನೇ ಕಂಡಿದ್ದೇನೆ. ಪ್ಲೇಟಿಗೆ ಮಾಸ್ಕ್ ನೇತುಹಾಕಿದವರು, ಒಂದು ಅಂಕಿಗೆ ಕಪ್ಪು ಟೇಪ್ ಅಂಟಿಸಿದವರು, ಪ್ಲೇಟನ್ನೇ ಮೇಲಕ್ಕೆ ಮಡಚಿದವರು. ಕ್ಯಾಮೆರಾ ಇವರನ್ನು ಹಿಡಿಯುವುದಿಲ್ಲ. ನೆಟ್ಟಗೆ ಪ್ಲೇಟ್ ಇಟ್ಟುಕೊಂಡವರನ್ನೇ ಹಿಡಿಯುತ್ತದೆ. ಪ್ಲೇಟ್ ಮರೆಮಾಡಿದವರನ್ನು ಹಿಡಿಯಲು ರಸ್ತೆಯಲ್ಲಿ ಮನುಷ್ಯ ಬೇಕು.

ಮೆಜೆಸ್ಟಿಕ್_ಮಂಜ
ದಿನಕ್ಕೆ ಇಷ್ಟು ಕೇಸ್ ಬರೀಬೇಕು ಅಂತ ಟಾರ್ಗೆಟ್ ಇರುತ್ತಂತೆ ಹೌದಾ ಸಾರ್? ನಿಜ ಹೇಳಿ.

ಖಾಕಿ_ನಿವೃತ್ತ
ಬರವಣಿಗೆಯಲ್ಲಿ ನಾನು ಕಂಡಿಲ್ಲ. ಕೇಸ್ ಕಮ್ಮಿಯಾದ ದಿನ ಯಾಕೆ ಅಂತ ಕೇಳುತ್ತಿದ್ದರು, ಅದು ನಿಜ. ಅದರಿಂದ ಏನಾಗುತ್ತದೆ ಅಂದರೆ ಸುಲಭವಾಗಿ ಸಿಗುವ ಹೆಲ್ಮೆಟ್ ಕೇಸ್ ಬರೆಯುತ್ತೇವೆ. ಒನ್‌ವೇಯಲ್ಲಿ ನುಗ್ಗಿ ಬರುವವನನ್ನು ಅಡ್ಡ ಹಾಕಿದರೆ ಅವನು ಬಿದ್ದಾನು, ನಮ್ಮ ಮೇಲೇ ಹತ್ತಿಸಿಯಾನು. ತಂಗಿ ಬರೆದದ್ದನ್ನು ಓದಿ ನನಗೂ ರಾತ್ರಿ ನಿದ್ದೆ ಬರಲಿಲ್ಲ.

ರಸ್ತೆಗುಂಡಿ_2.0
ಗುಂಡಿ ಮುಚ್ಚಲ್ಲ, ಜೀಬ್ರಾ ಗೆರೆ ಅಳಿಸಿ ಹೋಗಿದೆ, ಸಿಗ್ನಲ್ ಮುಂದೆ ಮರದ ಕೊಂಬೆ. ಅವರಿಗೆ ಯಾರು ದಂಡ ಹಾಕ್ತಾರೆ? ಮೊದ್ಲು ಅದನ್ನ ಕೇಳಿ.

ಪುಟ್ಟೇನಹಳ್ಳಿ
ಕೇಳೋಣ, ಅದಕ್ಕೆ ಬೇರೆ ಎಳೆ ಶುರು ಮಾಡಿ. ಗುಂಡಿ ಇದೆ ಅಂತ ಒನ್‌ವೇಯಲ್ಲಿ ಬರಬಹುದಾ?

ರಸ್ತೆಗುಂಡಿ_2.0
ಬರಬಹುದು ಅಂತ ನಾನೆಲ್ಲಿ ಹೇಳ್ದೆ? ತೆರಿಗೆ ತಗೊಳ್ಳೋರಿಗೂ ಜವಾಬ್ದಾರಿ ಇರಲಿ ಅಂದೆ.

ಮಂಡ್ಯ_ಎಕ್ಸ್‌ಪ್ರೆಸ್
ನಮ್ ಬೆಂಗ್ಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಲಿ ನೋಡ್ರಣ್ಣ. 2023ರ ಆಗಸ್ಟ್ ಒಂದ್ರಿಂದ ಬೈಕು ಆಟೊ ಬರಂಗಿಲ್ಲ ಅಂದ್ರು. ಮೊದ್ಲು ಬೈದ್ಕೊಂಡೋ. ದಿನಾ ಹಿಡುದ್ರು, ದಿನಾ ದಂಡ ಹಾಕುದ್ರು. ಎಲ್ಲಾ ಸರ್ವೀಸ್ ರೋಡಿಗೆ ಇಳುದ್ರು. ರಿಯಾಯ್ತಿ ಗಿಯಾಯ್ತಿ ಏನೂ ಬೇಕಾಗಿಲ್ಲ, ಸ್ಥಳದಲ್ಲೇ ನಿಲ್ಸಿ ಕೇಳುದ್ರೆ ಸಾಕು ಕಣಣ್ಣ.

ಪುಟ್ಟೇನಹಳ್ಳಿ
ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಎಲ್ಲಾ ಗಾಡಿಗೂ ಬಂದರೆ ಟೇಪು, ನಕಲಿ ನಂಬರು ಸ್ವಲ್ಪ ಕಮ್ಮಿ ಆಗಬಹುದು. ಆದರೆ ಅದರ ಕಥೆಯೂ ಅಷ್ಟೇ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಿಗೆ 2023ರ ನವೆಂಬರ್ 17 ಕೊನೇ ದಿನ ಅಂದರು. ಮುಂದಕ್ಕೆ ಹಾಕಿದರು. ಮತ್ತೆ ಹಾಕಿದರು. ಮೊದಲನೇ ವಾರವೇ ಹಾಕಿಸಿದ ನಮ್ಮಪ್ಪನನ್ನು ಈಗ ಎಲ್ಲಾ ಕೇಳ್ತಾರೆ, ಯಾಕಿಷ್ಟು ಅರ್ಜೆಂಟ್ ಮಾಡಿದ್ರಿ ಅಂತ. ಜಯನಗರದ ಸಾರ್‌ಗೆ ಲಿಫ್ಟಲ್ಲಿ ಕೇಳಿದ ಮಾತೇ.

ಲೆಸ್ಟರ್_ಲಿಂಗಸುಗೂರು
ನಾನಿರೋ ಇಂಗ್ಲೆಂಡಿನಾಗ ಕ್ಯಾಮೆರಾಕ್ಕ ಸಿಕ್ಕರ 14 ದಿನದೊಳಗ ಮಾಲೀಕಗ ನೋಟಿಸ್ ಬರಬೇಕು. ಬರಲಿಲ್ಲ ಅಂದ್ರ ಕೇಸ್ ನಿಲ್ಲೂದು ಕಷ್ಟ. ಬಂದ ಮ್ಯಾಲೆ 28 ದಿನದಾಗ ಯಾರು ಓಡಿಸ್ತಿದ್ರು ಅಂತ ಬರದು ಕೊಡಬೇಕು. "ನಂಗೊತ್ತಿಲ್ಲ" ಅಂದ್ರ ಅದೇ ಬ್ಯಾರೆ ಅಪರಾಧ, ಲೈಸೆನ್ಸ್ ಮ್ಯಾಲೆ ಆರು ಪಾಯಿಂಟ್. ಹನ್ನೆರಡಾದ್ರ ಲೈಸೆನ್ಸ್ ಹೋತು. ಅಂದ್ರ ಪೊಲೀಸರಿಗೂ ಗಡುವು, ನಮಗೂ ಗಡುವು.

ವಕೀಲ_ತುಮಕೂರು
ನಮ್ಮಲ್ಲೂ ಕಾಗದದ ಮೇಲೆ ಇದೆ. ಮಾಲೀಕ ಚಾಲಕನ ಹೆಸರು ಹೇಳಬೇಕು ಅಂತ 133ನೇ ಸೆಕ್ಷನ್. ಕ್ಯಾಮೆರಾ ಬಗ್ಗೆ 2021ರ ಆಗಸ್ಟಿನಲ್ಲಿ ಕೇಂದ್ರ ನಿಯಮ 167ಎ ಬಂತು. ಅದರ ಪ್ರಕಾರ 15 ದಿನದೊಳಗೆ ನೋಟಿಸ್ ಕಳಿಸಬೇಕು, ಕ್ಯಾಮೆರಾ ಇದೆ ಅಂತ ಮುಂಚಿತವಾಗಿ ಬೋರ್ಡ್ ಹಾಕಿರಬೇಕು, ಯಂತ್ರ ಸರಿಯಿದೆ ಅಂತ ಪ್ರಮಾಣಪತ್ರ ಇರಬೇಕು, ಚಲನ್ ಇತ್ಯರ್ಥ ಆಗುವವರೆಗೆ ಫೋಟೋ ಉಳಿಸಿಟ್ಟಿರಬೇಕು. @ಮಲಪ್ರಭಾ_ದಂಡಿ ಅವರೇ, ನಿಮ್ಮ ಕೆಂಪು ಬೈಕಿನ ಫೋಟೋ ಇದಕ್ಕೇ ಬೇಕಾಗಿದ್ದು. ಒಂದು ಸಾಲು ಬರೆದು "ಇದು ನನ್ನ ವಾಹನವಲ್ಲ, ಕೋರ್ಟಿಗೆ ಕಳಿಸಿ" ಅಂದಿದ್ದರೆ ಯಾವ ಮ್ಯಾಜಿಸ್ಟ್ರೇಟರೂ ನಿಮಗೆ ದಂಡ ಹಾಕುತ್ತಿರಲಿಲ್ಲ. ಆದರೆ ಆ ಸಾಲನ್ನು ಬರೆಯುವ ಜಾಗ ಸಾಮಾನ್ಯರಿಗೆ ಕಾಣುವ ಹಾಗೆ ಇಲ್ಲ. ಕಟ್ಟುವ ಬಟನ್ ಮಾತ್ರ ದೊಡ್ಡದಾಗಿದೆ.

ದೆಹಲಿಯಲ್ಲಿ 2019ರಿಂದ ವರ್ಚುವಲ್ ಕೋರ್ಟ್ ನಡೆಯುತ್ತಿದೆ. ಚಲನ್ ನೇರ ನ್ಯಾಯಾಧೀಶರ ಪರದೆಗೆ ಹೋಗುತ್ತದೆ. ಒಪ್ಪುವವರು ಮನೆಯಿಂದಲೇ ಕಟ್ಟುತ್ತಾರೆ, ಒಪ್ಪದವರ ಕೇಸ್ ಮಾಮೂಲಿ ಕೋರ್ಟಿಗೆ ಹೋಗುತ್ತದೆ. ಅಲ್ಲೂ ಬಾಕಿ ಬೆಟ್ಟದಷ್ಟಿದೆ, ಎಲ್ಲಾ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಆದರೆ ಹಾಕಿದ ಚಲನ್ ತಾನಾಗಿ ಕೋರ್ಟಿಗೆ ಹೋಗುವ ದಾರಿ ನಮ್ಮಲ್ಲೂ ಪ್ರತಿ ಕೇಸಿಗೂ ಇರಬೇಕು. ಹೋದರೆ ಆರು ತಿಂಗಳ ಕಂಡಿ ಮುಚ್ಚುತ್ತದೆ, ತಪ್ಪು ಚಲನ್ ಬಂದವರಿಗೂ ಬಾಗಿಲು ತೆರೆಯುತ್ತದೆ. ಎರಡೂ ಒಂದೇ ಕೆಲಸ.

ಹಳದಿ_ಬೋರ್ಡು
ಇದು ಒಪ್ಪಿದೆ ಸಾರ್. ಕಸ್ಟಮರ್ ಹತ್ತಿಸ್ಕೊಳ್ಳೋಕೆ ಎರಡು ನಿಮಿಷ ನಿಲ್ಸಿದ್ದು ನೋ ಪಾರ್ಕಿಂಗ್ ಹೌದೋ ಅಲ್ವೋ ಅಂತ ಯಾರಾದ್ರೂ ಕೂತು ಕೇಳ್ಲಿ. ತಪ್ಪು ಅಂದ್ರೆ ಕಟ್ತೀನಿ.

ಜಯನಗರದ_ಕಾರು
ಹಾಗಾದರೆ ರಿಯಾಯಿತಿ ಕೊಡಲೇಬೇಕು ಅಂದರೆ ಉಲ್ಟಾ ಕೊಡಬೇಕು. ಮೊದಲ ಹದಿನೈದು ದಿನದಲ್ಲಿ ಕಟ್ಟಿದವರಿಗೆ ಕಮ್ಮಿ, ತಡ ಮಾಡಿದವರಿಗೆ ಪೂರ್ತಿ. ತಕರಾರು ಹಾಕಿದವರಿಗೆ ತೀರ್ಪು ಬರುವವರೆಗೆ ಏನೂ ಇಲ್ಲ. ಮಗನಿಗೆ ಹೇಳಬಹುದಾದ ಉತ್ತರ ಇದು ಅನ್ನಿಸುತ್ತಿದೆ.

ಕಡಲ_ಬದಿ
ಇದು ಚಂದ ಉಂಟು.

ಹೊಸೂರು_ಗಡಿ
ಬೇರೆ ರಾಜ್ಯದ ಗಾಡಿ? ಅತ್ತಿಬೆಲೆ ದಾಟಿ ದಿನಾ ಸಾವಿರಗಟ್ಟಲೆ ಬರುತ್ತವೆ. ಅವರಿಗೆ ಸಮನ್ಸ್ ಕೊಡೋದು ಯಾರು?

ಖಾಕಿ_ನಿವೃತ್ತ
ಅದು ದೊಡ್ಡ ತಲೆನೋವು. ರಸ್ತೆಯಲ್ಲಿ ನಿಲ್ಲಿಸಿದಾಗ ಹಳೇದನ್ನೂ ತೋರಿಸಿ ಕೇಳುತ್ತಿದ್ದೆವು, ಕೊಟ್ಟವರು ಕೊಟ್ಟರು.

ನಿರ್ವಾಹಕ
ಎರಡು ಪೋಸ್ಟ್‌ಗಳಲ್ಲಿ ಬೇರೆಯವರ ಗಾಡಿಯ ಪೂರ್ತಿ ನಂಬರ್ ಇತ್ತು, ತೆಗೆದಿದ್ದೇವೆ. ದಯವಿಟ್ಟು ನಂಬರ್ ಹಾಕಬೇಡಿ.

ಹಳೇ_ಸ್ಕೂಟಿ
ತಡವಾಗಿ ಬಂದೆ. ಮೇಲೆ ಖಾಕಿ ಸಾರ್ ಬರೆದ "ಗಾಡಿ ಮಾರಿದವರು" ನಾನೇ. 2019ರಲ್ಲಿ ಸ್ಕೂಟಿಯನ್ನು ಬ್ರೋಕರ್ ಒಬ್ಬರಿಗೆ ಕೊಟ್ಟೆ. 29, 30 ಫಾರಂಗೆ ಸಹಿ ಮಾಡಿಸಿಕೊಂಡರು, "ನಾವೇ ಟ್ರಾನ್ಸ್‌ಫರ್ ಮಾಡಿಸ್ತೀವಿ ಮೇಡಂ" ಅಂದರು. ಹೋದ ವಾರ ಈ ಚರ್ಚೆ ಓದಿ ಸುಮ್ಮನೆ ನಂಬರ್ ಹಾಕಿ ನೋಡಿದೆ. 17 ಕೇಸ್, 8,500 ರೂಪಾಯಿ, ಎಲ್ಲಾ ಹೆಲ್ಮೆಟ್. ಇನ್ನೂ ನನ್ನ ಹೆಸರಲ್ಲೇ ಇದೆ! ಫೋಟೋಗಳಲ್ಲಿ ಮೂರು ಬೇರೆ ಬೇರೆ ಹುಡುಗರು ಓಡಿಸುತ್ತಿದ್ದಾರೆ. ದಂಡಕ್ಕಿಂತ ಆ ಹುಡುಗರು ಯಾರಿಗಾದರೂ ಗುದ್ದಿದರೆ ಅಂತ ಭಯವಾಗುತ್ತಿದೆ. ತಂಗಿ ಬರೆದದ್ದು ಓದಿದ ಮೇಲಂತೂ ಕೈ ನಡುಗುತ್ತಿದೆ.

ವಕೀಲ_ತುಮಕೂರು
ಮೇಡಂ, ನಿಮ್ಮ ಭಯ ಸರಿಯಾದದ್ದೇ. ನೋಂದಣಿ ಯಾರ ಹೆಸರಲ್ಲಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾರಿದ 14 ದಿನದೊಳಗೆ ಮಾರಿದವರೇ ಆರ್‌ಟಿಒಗೆ ತಿಳಿಸಬೇಕಿತ್ತು, ಅದು ಬ್ರೋಕರ್ ಕೆಲಸ ಅಲ್ಲ. ಈಗಲಾದರೂ ಬರೆದು ಕೊಡಿ. ಮಾರಾಟದ ಪತ್ರ, ದುಡ್ಡು ಬಂದ ಬ್ಯಾಂಕ್ ದಾಖಲೆ, ಬ್ರೋಕರ್ ಜೊತೆಗಿನ ಮೆಸೇಜ್, ಇದ್ದದ್ದೆಲ್ಲಾ ಇಟ್ಟು ಆರ್‌ಟಿಒಗೆ ಒಂದು ಅರ್ಜಿ, ಸಂಚಾರ ಠಾಣೆಗೆ ಒಂದು ದೂರು. ಎರಡಕ್ಕೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಮೊದಲು ನೋಡಿ. ದಂಡ ಮಾತ್ರ ಈಗಲೇ ಕಟ್ಟಬೇಡಿ.

ಹಳೇ_ಸ್ಕೂಟಿ
ನೋಡಿದೆ ಸಾರ್. 2020ಕ್ಕೆ ಮುಗಿದಿದೆ.

ತಂಗಿ_ನೆನಪು
ಮೇಡಂ, ತಡ ಮಾಡಬೇಡಿ. ನಾಳೆಯೇ ಹೋಗಿ.

ಹಳೇ_ಸ್ಕೂಟಿ
ನಾಳೆ ಭಾನುವಾರ. ಸೋಮವಾರ ರಜೆ ಹಾಕಿದ್ದೇನೆ. ಪೊಲೀಸ್ ಸ್ಟೇಷನ್ನಿಗೆ ಈವರೆಗೆ ಹೋದವಳಲ್ಲ, ಅಲ್ಲಿ ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ.

ಖಾಕಿ_ನಿವೃತ್ತ
ಯಾವ ಕಡೆ ಅಂತ ನನಗೆ ಖಾಸಗಿಯಾಗಿ ಮೆಸೇಜ್ ಮಾಡಮ್ಮ. ಬೆಂಗಳೂರೇ ಆದರೆ ನಾನೂ ಬರುತ್ತೇನೆ. ಬೆಳಿಗ್ಗೆ ಹತ್ತಕ್ಕೇ ಹೋಗೋಣ, ಮಧ್ಯಾಹ್ನ ಆದರೆ ಠಾಣೆಯ ಕಾಗದಪತ್ರ ನೋಡುವ ರೈಟರ್ ಕೋರ್ಟಿಗೆ ಹೋಗಿರುತ್ತಾರೆ. ಆ 17 ಫೋಟೋಗಳನ್ನೂ ಪ್ರಿಂಟ್ ಹಾಕಿಸಿಕೊಂಡು ಬಾ. ಹುಡುಗರ ಮುಖ ಕಾಣಬೇಕು, ಬಣ್ಣದಲ್ಲೇ ಹಾಕಿಸು.